ಖಾಲಿ ಇದ್ದರೆ ಮಾತ್ರ ಅಳಿಸುವ ಆಜ್ಞೆ

ಕಂಪ್ಯೂಟರ್ ಎಂದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ ಎಂಬುದು ಸಾಮಾನ್ಯ ನಂಬಿಕೆ. ಕೂಡು ಎಂದರೆ ಕೂಡುತ್ತದೆ, ಬರೆ ಎಂದರೆ ಬರೆಯುತ್ತದೆ, ಅಳಿಸು ಎಂದರೆ ಅಳಿಸುತ್ತದೆ. ಏಕೆ, ಏನು ಎಂದು ತಿರುಗಿ ಕೇಳುವುದಿಲ್ಲ. ಆದರೆ ಅದೇ ಕಂಪ್ಯೂಟರಿನೊಳಗೆ ಒಂದು ಪುಟ್ಟ ಆಜ್ಞೆಯಿದೆ. ಅದಕ್ಕೆ ಕೆಲಸ ಹೇಳಿದವರು ಯಾರೇ ಆಗಿರಲಿ, ಇಡೀ ಯಂತ್ರದ ಮೇಲೆ ಸರ್ವಾಧಿಕಾರ ಇರುವವರೇ ಆಗಿರಲಿ, ಒಂದು ಷರತ್ತು ಪೂರೈಸದಿದ್ದರೆ ಅದು ಕೆಲಸ ಮಾಡಲು ಒಪ್ಪುವುದಿಲ್ಲ. ಆ ಷರತ್ತು ಇಷ್ಟೆ: ಅಳಿಸಬೇಕಾದ ಡೈರೆಕ್ಟರಿ ಖಾಲಿ ಇರಬೇಕು.

ಈ ಆಜ್ಞೆಯ ಹೆಸರು ಆರ್‌ಎಂಡಿರ್. 'ರಿಮೂವ್ ಡೈರೆಕ್ಟರಿ' ಎಂಬ ಎರಡು ಪದಗಳನ್ನು ಮೊಟಕು ಮಾಡಿ ಐದು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದ ಹೆಸರಿದು. ವಿಂಡೋಸ್ ಬಳಸುವವರು ಡೈರೆಕ್ಟರಿಯನ್ನು ಫೋಲ್ಡರ್ ಎನ್ನುತ್ತಾರೆ. ಕನ್ನಡದಲ್ಲಿ ಕಡತಕೋಶ ಎನ್ನುವುದೂ ಉಂಟು. ಹೆಸರು ಯಾವುದಾದರೂ ವಸ್ತು ಒಂದೇ.

ಆರ್‌ಎಂಡಿರ್ ಎಂಬ ಹೆಸರಿನಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಬಳಕೆದಾರ ಕೀಲಿಮಣೆಯಲ್ಲಿ ಒತ್ತುವ ಆಜ್ಞೆ. ಎರಡನೆಯದು ಅದರ ಹಿಂದೆ ನಡೆಯುವ ಸಿಸ್ಟಂ ಕಾಲ್, ಅಂದರೆ ವ್ಯವಸ್ಥಾ ಕರೆ. ಸಾಮಾನ್ಯ ಪ್ರೋಗ್ರಾಮುಗಳಿಗೆ ಡಿಸ್ಕನ್ನು ನೇರವಾಗಿ ಮುಟ್ಟುವ ಅಧಿಕಾರವಿಲ್ಲ. ಬ್ಯಾಂಕಿನ ಗ್ರಾಹಕ ಕೌಂಟರಿನಲ್ಲಿ ಚೀಟಿ ಕೊಡಬಹುದೇ ಹೊರತು ತಿಜೋರಿಗೆ ಕೈ ಹಾಕುವಂತಿಲ್ಲ, ಹಾಗೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ 'ಕರ್ನೆಲ್' ಎಂಬುದೇ ಇಲ್ಲಿ ಕೌಂಟರಿನ ಆಚೆ ಕುಳಿತ ಖಜಾಂಚಿ. ಚೀಟಿಗಳಿಗೆ ಸಂಖ್ಯೆಗಳೂ ಇವೆ. ಇಂದಿನ 64 ಬಿಟ್‌ನ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಲಿನಕ್ಸ್ ಕರ್ನೆಲ್‌ಗೆ ಕೊಡಬೇಕಾದ ಆರ್‌ಎಂಡಿರ್ ಚೀಟಿಯ ಸಂಖ್ಯೆ 84. ಹಳೆಯ 32 ಬಿಟ್‌ನ ಯಂತ್ರಗಳಲ್ಲಿ ಅದು 40.

ಪೆಟ್ಟಿಗೆಯಲ್ಲ, ಹಾಜರಿ ಪುಸ್ತಕ

ಖಾಲಿ ಇದ್ದರೆ ಮಾತ್ರ ಏಕೆ ಅಳಿಸಬೇಕು? ಇದು ತಿಳಿಯಬೇಕಾದರೆ ಡೈರೆಕ್ಟರಿ ಎಂದರೆ ನಿಜವಾಗಿ ಏನು ಎಂಬುದು ಗೊತ್ತಿರಬೇಕು. ಪರದೆಯ ಮೇಲೆ ಹಳದಿ ಬಣ್ಣದ ಚೀಲದಂತೆ ಕಾಣುವ ಫೋಲ್ಡರಿನೊಳಗೆ ಕಡತಗಳು ಪೇರಿಸಿಟ್ಟ ಬಟ್ಟೆಗಳ ಹಾಗೆ ಇರುತ್ತವೆ ಎಂದು ಮಕ್ಕಳು ಭಾವಿಸುತ್ತಾರೆ. ದೊಡ್ಡವರೂ ಹಾಗೆಯೇ ಭಾವಿಸುತ್ತಾರೆ. ವಾಸ್ತವದಲ್ಲಿ ಡೈರೆಕ್ಟರಿ ಒಂದು ಪೆಟ್ಟಿಗೆಯಲ್ಲ. ಅದು ಶಾಲೆಯ ಹಾಜರಿ ಪುಸ್ತಕದಂಥದು. ಒಂದು ಕಡೆ ಹೆಸರು, ಅದರ ಎದುರಿಗೆ ಒಂದು ಸಂಖ್ಯೆ. ಯುನಿಕ್ಸ್ ಪದ್ಧತಿಯಲ್ಲಿ ಆ ಸಂಖ್ಯೆಯನ್ನು ಐನೋಡ್ ಸಂಖ್ಯೆ ಎನ್ನುತ್ತಾರೆ. ಕಡತದ ನಿಜವಾದ ಮಾಹಿತಿ ಡಿಸ್ಕಿನ ಇನ್ನೆಲ್ಲೋ ಇರುತ್ತದೆ. ಅದು ಎಲ್ಲಿದೆ, ಎಷ್ಟು ದೊಡ್ಡದು, ಯಾರಿಗೆ ಸೇರಿದ್ದು ಎಂಬ ವಿವರ ಐನೋಡಿನಲ್ಲಿರುತ್ತದೆ. ಹೆಸರು ಮಾತ್ರ ಡೈರೆಕ್ಟರಿಯಲ್ಲಿರುತ್ತದೆ.

ಈಗ ಹಾಜರಿ ಪುಸ್ತಕವನ್ನೇ ಹರಿದು ಬಿಸಾಡಿದರೆ ಏನಾಗುತ್ತದೆ? ಮಕ್ಕಳು ತರಗತಿಯಲ್ಲಿಯೇ ಇರುತ್ತಾರೆ, ಆದರೆ ಹೆಸರು ಹಿಡಿದು ಕರೆಯಲು ದಾರಿಯಿಲ್ಲ. ಕಡತಗಳ ಪಾಡೂ ಅಷ್ಟೆ. ಅವು ಡಿಸ್ಕಿನಲ್ಲಿ ಜಾಗ ಹಿಡಿದು ಕೂತಿರುತ್ತವೆ, ಆದರೆ ಅವನ್ನು ತಲುಪುವ ಹೆಸರು ಲೋಕದಲ್ಲೆಲ್ಲೂ ಇರುವುದಿಲ್ಲ. ಬಳಸುವಂತಿಲ್ಲ, ಅಳಿಸುವಂತೆಯೂ ಇಲ್ಲ. ಇಂಥ ಅನಾಥ ಕಡತಗಳಿಗಾಗಿಯೇ ಯುನಿಕ್ಸ್ ವಂಶದ ಹಲವು ಕಡತ ವ್ಯವಸ್ಥೆಗಳಲ್ಲಿ 'ಲಾಸ್ಟ್ ಪ್ಲಸ್ ಫೌಂಡ್' ಎಂಬ ವಿಶೇಷ ಡೈರೆಕ್ಟರಿ ಇರುತ್ತದೆ. ವಿದ್ಯುತ್ ಕೈಕೊಟ್ಟು ಡಿಸ್ಕಿನ ಲೆಕ್ಕ ತಪ್ಪಿದಾಗ ದುರಸ್ತಿ ಪ್ರೋಗ್ರಾಮು ಸಿಕ್ಕ ಅನಾಥರನ್ನು ಅಲ್ಲಿ ತಂದು ಕೂರಿಸುತ್ತದೆ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳನ್ನು ಪೊಲೀಸ್ ಚೌಕಿಯಲ್ಲಿ ಕೂರಿಸಿದಂತೆ.

ಹಾಗಾಗಿ ಆರ್‌ಎಂಡಿರ್‌ನ ಹಟ ಬರಿಯ ಮೊಂಡುತನವಲ್ಲ. 'ಮೊದಲು ಒಳಗಿರುವ ಹೆಸರುಗಳ ಗತಿ ಏನೆಂದು ತೀರ್ಮಾನ ಮಾಡಿ, ಆಮೇಲೆ ಪುಸ್ತಕ ಹರಿಯೋಣ' ಎಂಬುದು ಅದರ ನಿಲುವು.

ಖಾಲಿ ಎಂದರೆ ಎಷ್ಟು ಖಾಲಿ?

ಇನ್ನೊಂದು ತಮಾಷೆಯಿದೆ. ಯುನಿಕ್ಸ್ ಪದ್ಧತಿಯಲ್ಲಿ ಖಾಲಿ ಡೈರೆಕ್ಟರಿ ಪೂರ್ತಿ ಖಾಲಿಯಲ್ಲ. ಹುಟ್ಟುವಾಗಲೇ ಅದರಲ್ಲಿ ಎರಡು ಹೆಸರುಗಳಿರುತ್ತವೆ. ಒಂದು ಚುಕ್ಕೆಯ ಹೆಸರಿಗೆ 'ನಾನೇ' ಎಂದರ್ಥ. ಎರಡು ಚುಕ್ಕೆಯ ಹೆಸರಿಗೆ 'ನನ್ನ ಹೆತ್ತವರು', ಅಂದರೆ ಒಂದು ಮೆಟ್ಟಿಲು ಮೇಲಿರುವ ಡೈರೆಕ್ಟರಿ ಎಂದರ್ಥ. ಈ ಎರಡನ್ನು ಬಿಟ್ಟು ಬೇರೆ ಯಾವ ಹೆಸರೂ ಇಲ್ಲದಿದ್ದರೆ ಅದನ್ನು ಖಾಲಿ ಎಂದು ಕರ್ನೆಲ್ ಒಪ್ಪಿಕೊಳ್ಳುತ್ತದೆ.

ಇದರಿಂದ ಒಂದು ಸೊಗಸಾದ ಲೆಕ್ಕ ಹೊರಡುತ್ತದೆ. ಸಾಂಪ್ರದಾಯಿಕ ಯುನಿಕ್ಸ್ ಕಡತ ವ್ಯವಸ್ಥೆಗಳಲ್ಲಿ ಪ್ರತಿಯೊಂದಕ್ಕೂ 'ಎಷ್ಟು ಹೆಸರುಗಳಿವೆ' ಎಂಬ ಎಣಿಕೆ ಇರುತ್ತದೆ. ಖಾಲಿ ಡೈರೆಕ್ಟರಿಯ ಎಣಿಕೆ 2. ಹೆತ್ತವರ ಪುಸ್ತಕದಲ್ಲಿ ಬರೆದ ಹೆಸರು ಒಂದು, ತನ್ನೊಳಗಿನ ಒಂಟಿ ಚುಕ್ಕೆ ಇನ್ನೊಂದು. ಒಳಗೆ ಒಂದು ಉಪ ಡೈರೆಕ್ಟರಿ ಹುಟ್ಟಿದರೆ ಅದರ ಜೋಡಿ ಚುಕ್ಕೆ ಹೆತ್ತವರನ್ನು ತೋರಿಸುವುದರಿಂದ ಹೆತ್ತವರ ಎಣಿಕೆ ಒಂದು ಏರುತ್ತದೆ. ಆರ್‌ಎಂಡಿರ್ ಅದನ್ನು ತೆಗೆದರೆ ಒಂದು ಇಳಿಯುತ್ತದೆ. ಮನೆಯಲ್ಲಿ ಲಿನಕ್ಸ್ ಇರುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಶ್ನೆ: ಒಂದು ಡೈರೆಕ್ಟರಿಯಲ್ಲಿ ಮೂರು ಉಪ ಡೈರೆಕ್ಟರಿಗಳೂ ಹತ್ತು ಸಾಮಾನ್ಯ ಕಡತಗಳೂ ಇದ್ದರೆ ಅದರ ಎಣಿಕೆ ಎಷ್ಟು? ಉತ್ತರ ಲೇಖನದ ಕೊನೆಯಲ್ಲಿದೆ.

'ಒಳಗೆ ಏನೂ ಇಲ್ಲ, ಆದರೂ ಖಾಲಿಯಿಲ್ಲ ಎನ್ನುತ್ತದೆಯಲ್ಲ!' ಎಂದು ಹೊಸಬರು ದೂರುವುದುಂಟು. ಕಾರಣ ಬಹಳ ಸಲ ಬಚ್ಚಿಟ್ಟ ಕಡತ. ಯುನಿಕ್ಸ್‌ನಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಆ್ಯಪಲ್ ಕಂಪ್ಯೂಟರುಗಳು ಫೋಲ್ಡರು ತೆರೆದಾಗ ಇಂಥದೊಂದು ಕಡತವನ್ನು ತಾವಾಗಿ ಬರೆದಿಡುತ್ತವೆ. ವಿಂಡೋಸ್ ಕೂಡ ಕೆಲವು ಫೋಲ್ಡರುಗಳಲ್ಲಿ ಮರೆಯಾದ ಕಡತಗಳನ್ನು ಇಡುತ್ತದೆ. ಕಣ್ಣಿಗೆ ಕಾಣದ್ದು ಇಲ್ಲವೆಂದಲ್ಲ. ಆರ್‌ಎಂಡಿರ್ ಕಣ್ಣನ್ನು ನಂಬುವುದಿಲ್ಲ, ಪುಸ್ತಕವನ್ನು ನಂಬುತ್ತದೆ.

ಕರೆ ಇಲ್ಲದ ಕಾಲ

ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಮರದಂಥ ಏರ್ಪಾಡು 1960ರ ದಶಕದ ಮಲ್ಟಿಕ್ಸ್ ಯೋಜನೆಯಲ್ಲಿ ಬೆಳೆದದ್ದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್ ಆ ಏರ್ಪಾಡನ್ನು ಸರಳಗೊಳಿಸಿ ಜಗತ್ತಿಗೆ ಹಂಚಿತು. ಆಶ್ಚರ್ಯವೆಂದರೆ 1979ರಲ್ಲಿ ಹೊರಬಂದ ಪ್ರಸಿದ್ಧ ಏಳನೆಯ ಆವೃತ್ತಿಯಲ್ಲಿಯೂ ಆರ್‌ಎಂಡಿರ್ ಎಂಬ ಆಜ್ಞೆ ಇತ್ತು, ಆದರೆ ಆ ಹೆಸರಿನ ವ್ಯವಸ್ಥಾ ಕರೆ ಇರಲಿಲ್ಲ.

ಹಾಗಾದರೆ ಕೆಲಸ ಹೇಗೆ ನಡೆಯುತ್ತಿತ್ತು? ಆಗ ಡೈರೆಕ್ಟರಿಯ ಒಂದೊಂದು ಸಾಲಿಗೂ 16 ಬೈಟುಗಳು: ಐನೋಡ್ ಸಂಖ್ಯೆಗೆ 2, ಹೆಸರಿಗೆ 14. ಆರ್‌ಎಂಡಿರ್ ಪ್ರೋಗ್ರಾಮು ಆ ಸಾಲುಗಳನ್ನು ತಾನೇ ಓದಿ, ಎರಡು ಚುಕ್ಕೆ ಹೆಸರುಗಳ ಹೊರತು ಬೇರೇನೂ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಿತ್ತು. ಆಮೇಲೆ ಕಡತದ ಹೆಸರು ಕೀಳುವ 'ಅನ್‌ಲಿಂಕ್' ಎಂಬ ಕರೆಯನ್ನು ಮೂರು ಸಲ ಬಳಸಿ ಚುಕ್ಕೆ, ಜೋಡಿ ಚುಕ್ಕೆ ಮತ್ತು ಡೈರೆಕ್ಟರಿಯ ಸ್ವಂತ ಹೆಸರನ್ನು ಒಂದೊಂದಾಗಿ ಕಿತ್ತುಹಾಕುತ್ತಿತ್ತು. ಡೈರೆಕ್ಟರಿಯ ಹೆಸರು ಕೀಳುವ ಅಧಿಕಾರ ಪರಮಾಧಿಕಾರಿಗೆ ಮಾತ್ರ ಇದ್ದುದರಿಂದ, ಯಾರು ಬಳಸಿದರೂ ಪರಮಾಧಿಕಾರಿಯ ವೇಷದಲ್ಲಿ ಓಡುವಂತೆ ಆ ಪ್ರೋಗ್ರಾಮಿಗೆ ವಿಶೇಷ ಮುದ್ರೆ ಒತ್ತಲಾಗಿತ್ತು.

ಇದರಲ್ಲಿ ಎರಡು ಅಪಾಯಗಳಿದ್ದವು. ಮೂರು ಹೆಜ್ಜೆಗಳ ನಡುವೆ ಯಂತ್ರ ನಿಂತರೆ ಅರ್ಧ ಕೆಡವಿದ ಮನೆಯಂತೆ ಅರೆಬರೆ ಡೈರೆಕ್ಟರಿ ಉಳಿಯುತ್ತಿತ್ತು. ಅದಕ್ಕಿಂತ ದೊಡ್ಡದು ವೇಷದ ಅಪಾಯ. ಡೈರೆಕ್ಟರಿಯನ್ನು ಸೃಷ್ಟಿಸುವ ಎಂಕೆಡಿರ್ ಆಜ್ಞೆಯೂ ಹೀಗೆಯೇ ವೇಷ ಹಾಕಿಕೊಂಡು, ಮೊದಲು ಡೈರೆಕ್ಟರಿ ಕಟ್ಟಿ, ನಂತರ ಒಡೆತನವನ್ನು ಬಳಕೆದಾರನ ಹೆಸರಿಗೆ ಬರೆಯುತ್ತಿತ್ತು. ಚಾಲಾಕಿಯೊಬ್ಬ ಈ ಎರಡು ಹೆಜ್ಜೆಗಳ ನಡುವಿನ ಕ್ಷಣದಲ್ಲಿ ಹೊಸ ಡೈರೆಕ್ಟರಿಯನ್ನು ತೆಗೆದು, ಅದೇ ಹೆಸರಿಗೆ ಯಂತ್ರದ ಪಾಸ್‌ವರ್ಡ್ ಕಡತವನ್ನು ಗಂಟುಹಾಕಿದರೆ, ಆ ಕಡತದ ಒಡೆತನವೇ ಅವನ ಪಾಲಾಗುತ್ತಿತ್ತು!

ಪರಿಹಾರ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ. 1983ರಲ್ಲಿ ಅಲ್ಲಿಂದ ಹೊರಬಂದ ಬಿಎಸ್‌ಡಿ 4.2 ಎಂಬ ಯುನಿಕ್ಸ್ ಆವೃತ್ತಿ ಎಂಕೆಡಿರ್, ಆರ್‌ಎಂಡಿರ್ ಎರಡನ್ನೂ ಕರ್ನೆಲ್ಲಿನ ಒಳಗೇ ವ್ಯವಸ್ಥಾ ಕರೆಗಳಾಗಿ ಸೇರಿಸಿತು. ವೇಷ ಹಾಕುವ ಅಗತ್ಯವೇ ತಪ್ಪಿತು. 1988ರ ಪೋಸಿಕ್ಸ್ ಶಿಷ್ಟಮಾನ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. ಅದೇ ಆವೃತ್ತಿಯಲ್ಲಿ ಹೆಸರಿನ ಮಿತಿಯೂ 14ರಿಂದ 255 ಬೈಟುಗಳಿಗೆ ಏರಿತು. ಇಂದಿನ ಯುನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು ಬೇಕಾಗುವುದರಿಂದ, ಹಳೆಯ 14 ಬೈಟುಗಳಲ್ಲಿ ನಾಲ್ಕು ಚಿಹ್ನೆಗಳ ಕನ್ನಡ ಹೆಸರಷ್ಟೇ ಹಿಡಿಸುತ್ತಿತ್ತು. 255ರಲ್ಲಿ 85 ಚಿಹ್ನೆಗಳು ಹಿಡಿಸುತ್ತವೆ.

ನೋಡುವುದಕ್ಕೂ ಅಳಿಸುವುದಕ್ಕೂ ನಡುವೆ

ಪ್ರೋಗ್ರಾಮು ಬರೆಯಲು ಕಲಿಯುವ ವಿದ್ಯಾರ್ಥಿಗಳು ಇಲ್ಲಿ ಒಂದು ಪಾಠ ಗಮನಿಸಬೇಕು. 'ಮೊದಲು ಡೈರೆಕ್ಟರಿ ಖಾಲಿ ಇದೆಯೇ ಎಂದು ನೋಡು. ಖಾಲಿ ಇದ್ದರೆ ಅಳಿಸು' ಎಂದು ಬರೆಯುವುದು ಸಹಜ. ನೋಡಲು ಜಾಣತನದಂತೆಯೇ ಕಾಣುತ್ತದೆ. ಆದರೆ ಕಂಪ್ಯೂಟರಿನಲ್ಲಿ ಒಂದೇ ಸಮಯಕ್ಕೆ ನೂರಾರು ಕೆಲಸಗಳು ನಡೆಯುತ್ತಿರುತ್ತವೆ.

ಕಚೇರಿಯೊಂದರಲ್ಲಿ ಹಳೆಯ ಬೀರುವನ್ನು ಗುಜರಿಗೆ ಹಾಕಬೇಕಿದೆ ಎನ್ನಿ. ಜವಾನ ಬಾಗಿಲು ತೆರೆದು ನೋಡುತ್ತಾನೆ; ಖಾಲಿ. ಗಾಡಿ ಕರೆತರಲು ಹೊರಗೆ ಹೋಗುತ್ತಾನೆ. ಅಷ್ಟರಲ್ಲಿ ಗುಮಾಸ್ತರೊಬ್ಬರು ಬಂದು ಯಾರದೋ ಪಿಂಚಣಿಯ ಕಡತವನ್ನು ಅದರೊಳಗಿಟ್ಟು ಹೋಗುತ್ತಾರೆ. ಗಾಡಿ ಬರುತ್ತದೆ, ಬೀರು ಹೋಗುತ್ತದೆ. ನೋಡಿದ್ದು ಸುಳ್ಳಲ್ಲ, ಆದರೆ ನೋಡಿದ ಸತ್ಯ ಗಾಡಿ ಬರುವ ಹೊತ್ತಿಗೆ ಹಳಸಿತ್ತು.

ಇದಕ್ಕೆ ಮದ್ದು ಒಂದೇ: ನೋಡುವುದೂ ಅಳಿಸುವುದೂ ಬಿಡಿಸಲಾಗದ ಒಂದೇ ಕ್ರಿಯೆಯಾಗಬೇಕು. ಲಿನಕ್ಸ್ ಕರ್ನೆಲ್ ಆರ್‌ಎಂಡಿರ್ ಚೀಟಿ ಕೈಗೆ ಬಂದೊಡನೆ ಆ ಡೈರೆಕ್ಟರಿಗೂ ಅದರ ಹೆತ್ತವರಿಗೂ ಬೀಗ ಹಾಕುತ್ತದೆ. ಬೀಗದೊಳಗೆ ಖಾಲಿಯೇ ಎಂದು ಪರೀಕ್ಷಿಸಿ, ಹೆಸರು ಕಿತ್ತು, ಡೈರೆಕ್ಟರಿಗೆ 'ಸತ್ತಿದೆ' ಎಂಬ ಗುರುತು ಹಾಕಿದ ಮೇಲಷ್ಟೇ ಬೀಗ ತೆಗೆಯುತ್ತದೆ. ನಡುವೆ ಯಾರೂ ಕಡತ ತೂರಿಸಲಾರರು. ಆದ್ದರಿಂದ ಅನುಭವಸ್ಥ ಪ್ರೋಗ್ರಾಮರುಗಳು ಖಾಲಿ ಇದೆಯೇ ಎಂದು ತಾವು ನೋಡಲು ಹೋಗುವುದಿಲ್ಲ. ನೇರವಾಗಿ ಆರ್‌ಎಂಡಿರ್‌ನ್ನೇ ಕರೆಯುತ್ತಾರೆ. ಖಾಲಿ ಇಲ್ಲದಿದ್ದರೆ ಅದು ಲಿನಕ್ಸ್‌ನಲ್ಲಿ 39ನೆಯ ಸಂಖ್ಯೆಯ ದೋಷ ವರದಿ ಮಾಡುತ್ತದೆ, ಅಂದರೆ 'ಡೈರೆಕ್ಟರಿ ಖಾಲಿಯಿಲ್ಲ' ಎನ್ನುತ್ತದೆ. ಹಾನಿಯೇನೂ ಆಗಿರುವುದಿಲ್ಲ.

ಯಾರ ಅಪ್ಪಣೆ ಬೇಕು?

ಡೈರೆಕ್ಟರಿಯನ್ನು ಅಳಿಸಲು ಅದರ ಮೇಲೆ ಬರೆಯುವ ಅಧಿಕಾರ ಬೇಕೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅಧಿಕಾರ ಬೇಕಾದದ್ದು ಹೆತ್ತವರ ಮೇಲೆ, ಏಕೆಂದರೆ ಹೆಸರು ಅಳಿಸಿಹೋಗುವುದು ಅವರ ಪುಸ್ತಕದಿಂದ. ಎಲ್ಲರೂ ಬಳಸುವ ತಾತ್ಕಾಲಿಕ ಡೈರೆಕ್ಟರಿಯಂಥ ಕಡೆ ಇದು ತೊಂದರೆ. ಅಲ್ಲಿ ಬರೆಯಲು ಎಲ್ಲರಿಗೂ ಅನುಮತಿಯಿರುವುದರಿಂದ ಒಬ್ಬರ ಹೆಸರನ್ನು ಇನ್ನೊಬ್ಬರು ಕಿತ್ತುಹಾಕಬಹುದಿತ್ತು. ಅದಕ್ಕೆ 'ಸ್ಟಿಕಿ ಬಿಟ್' ಎಂಬ ವಿಶೇಷ ಗುರುತು ಬಳಸುತ್ತಾರೆ. ಆ ಗುರುತಿದ್ದಲ್ಲಿ ತನ್ನದನ್ನು ತಾನು ಮಾತ್ರ ಅಳಿಸಬಹುದು. ಆ ಜಾಗದ ಒಡೆಯನಿಗೂ ಪರಮಾಧಿಕಾರಿಗೂ ಮಾತ್ರ ವಿನಾಯಿತಿ.

ಯಾರೋ ಒಳಗೆ ನಿಂತು ಕೆಲಸ ಮಾಡುತ್ತಿರುವ ಡೈರೆಕ್ಟರಿಯನ್ನು ಇನ್ನೊಬ್ಬರು ಅಳಿಸಿದರೆ? ಹಳೆಯ ಎಂಎಸ್-ಡಾಸ್ ಇದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಕೂತ ಕೊಂಬೆಯನ್ನು ಕಡಿಯುವಂತಿಲ್ಲ ಎಂದು ದೋಷ ತೋರಿಸುತ್ತಿತ್ತು. ಲಿನಕ್ಸ್ ಅವಕಾಶ ಕೊಡುತ್ತದೆ. ಖಾಲಿಯಿದ್ದರೆ ಹೆಸರು ಹೋಗುತ್ತದೆ, ಆದರೆ ಒಳಗೆ ನಿಂತವರು ಹೊರಬರುವವರೆಗೆ ಡೈರೆಕ್ಟರಿಯ ಜೀವ ಹಿಡಿದಿರುತ್ತದೆ. ಅಷ್ಟರವರೆಗೆ ಅದರಲ್ಲಿ ಹೊಸ ಕಡತ ಹುಟ್ಟಿಸಲು ಮಾತ್ರ ಸಾಧ್ಯವಿಲ್ಲ.

ಡಾಸ್ ಕೂಡ ಡೈರೆಕ್ಟರಿಗಳನ್ನು ಕಲಿತದ್ದು 1983ರಲ್ಲೇ, 2.0 ಆವೃತ್ತಿಯಲ್ಲಿ. ಆಗಷ್ಟೇ ಬಂದಿದ್ದ ಐಬಿಎಂ ಪಿಸಿ ಎಕ್ಸ್‌ಟಿಯ 10 ಮೆಗಾಬೈಟ್ ಡಿಸ್ಕಿಗೆ ಒಂದೇ ಉದ್ದನೆಯ ಪಟ್ಟಿ ಸಾಲುತ್ತಿರಲಿಲ್ಲ. ಇಂದಿನ ಪೋಷಕರಲ್ಲಿ ಹಲವರು ಕಲಿತ ಎಂಡಿ, ಸಿಡಿ, ಆರ್‌ಡಿ ಎಂಬ ಆಜ್ಞೆಗಳು ಆಗ ಬಂದವು. ಆರ್‌ಡಿಯೂ ಖಾಲಿಯಿಲ್ಲದ್ದನ್ನು ಮುಟ್ಟುತ್ತಿರಲಿಲ್ಲ. ಒಳಗಿದ್ದುದನ್ನೆಲ್ಲ ಒಟ್ಟಿಗೆ ಅಳಿಸುವ ಡೆಲ್‌ಟ್ರೀ ಎಂಬ ಆಜ್ಞೆಯನ್ನು ಮೈಕ್ರೋಸಾಫ್ಟ್ ಸೇರಿಸಿದ್ದು ಹತ್ತು ವರ್ಷಗಳ ನಂತರ, 1993ರ 6.0 ಆವೃತ್ತಿಯಲ್ಲಿ.

ಕೇಳದೆ ಅಳಿಸಿದಾಗ

ತುಂಬಿದ ಡೈರೆಕ್ಟರಿಯನ್ನು ಬುಡಸಮೇತ ಅಳಿಸುವ ಆಜ್ಞೆ ಯುನಿಕ್ಸ್‌ನಲ್ಲಿಯೂ ಇದೆ. ಆರ್‌ಎಂ ಎಂಬ ಆಜ್ಞೆಗೆ 'ಒಳಗೊಳಗೆ ಹೋಗು' ಎಂಬ ಸೂಚನೆ ಕೊಟ್ಟರಾಯಿತು. ಅದು ಮರದ ತುದಿಯವರೆಗೆ ಹೋಗಿ, ಕಡತಗಳನ್ನು ಅಳಿಸಿ, ಖಾಲಿಯಾದ ಡೈರೆಕ್ಟರಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆಗೆಯುತ್ತ ಬರುತ್ತದೆ. ಖಾಲಿಯೇ ಎಂಬ ಪರೀಕ್ಷೆ ಆಗಲೂ ಇರುತ್ತದೆ. ಆದರೆ ಖಾಲಿ ಮಾಡುವ ಕೆಲಸವನ್ನೂ ಅದೇ ಮಾಡುವುದರಿಂದ ಆ ಪರೀಕ್ಷೆಯಿಂದ ರಕ್ಷಣೆ ಸಿಗುವುದಿಲ್ಲ.

1998ರಲ್ಲಿ ಅಮೆರಿಕದ ಪಿಕ್ಸರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಲನಚಿತ್ರ ತಯಾರಾಗುತ್ತಿದ್ದಾಗ ಇಂಥ ಒಂದು ಆಜ್ಞೆ ತಪ್ಪು ಜಾಗದಲ್ಲಿ ಓಡಿತು. ನೋಡುತ್ತಿದ್ದಂತೆ ವುಡಿ ಎಂಬ ಬೊಂಬೆಯ ಟೋಪಿಯ ಕಡತ ಹೋಯಿತು, ಬೂಟು ಹೋಯಿತು, ವುಡಿಯೇ ಹೋದ. ಗಾಬರಿಯಿಂದ ಯಂತ್ರದ ವಿದ್ಯುತ್ ತೆಗೆಸುವಷ್ಟರಲ್ಲಿ ಚಿತ್ರದ ಬಹುಪಾಲು ಮಾಯವಾಗಿತ್ತು. ಕಾದಿಟ್ಟ ಪ್ರತಿಗಳನ್ನು ತೆರೆದು ನೋಡಿದರೆ ಅವೂ ಸರಿಯಾಗಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಗ್ಯಾಲಿನ್ ಸೂಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಮಗು ಹುಟ್ಟಿದ್ದರಿಂದ ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿಯಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದರು. 1999ರಲ್ಲಿ ಚಿತ್ರ ತೆರೆ ಕಂಡಿತು.

2015ರ ಜನವರಿಯಲ್ಲಿ ಇನ್ನೊಂದು ಪ್ರಸಂಗ ಬೆಳಕಿಗೆ ಬಂತು. ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ತನ್ನದೇ ಡೈರೆಕ್ಟರಿಯನ್ನು ಅಳಿಸಿಕೊಳ್ಳುವ ಒಂದು ಸಾಲು ಇತ್ತು. ಡೈರೆಕ್ಟರಿಯ ವಿಳಾಸ ಸಿಗದೆ ಆ ಜಾಗ ಖಾಲಿ ಉಳಿದಾಗ, ಆ ಸಾಲಿನ ಅರ್ಥವೇ ಬದಲಾಗಿ 'ಇಡೀ ಮರದ ಬುಡದಿಂದ ಎಲ್ಲವನ್ನೂ ಅಳಿಸು' ಎಂದಾಯಿತು. ಬಳಕೆದಾರರ ಸ್ವಂತ ಕಡತಗಳೂ ಹೋದವು. ಆ ಸಾಲನ್ನು ಬರೆದವರು ಅದರ ಮೇಲೆಯೇ 'ಭಯ ಹುಟ್ಟಿಸುವಂಥದು' ಎಂಬರ್ಥದ ಟಿಪ್ಪಣಿಯನ್ನೂ ಹಾಕಿದ್ದರು. ಭಯ ಸರಿಯಾಗಿಯೇ ಇತ್ತು. ಭಯಕ್ಕೆ ತಕ್ಕ ಎಚ್ಚರ ಮಾತ್ರ ಇರಲಿಲ್ಲ.

ಪೈಥಾನ್ ಕಲಿಯುವ ವಿದ್ಯಾರ್ಥಿಗಳ ಮುಂದೆಯೂ ಇದೇ ಎರಡು ದಾರಿಗಳಿವೆ. 'ಓಎಸ್' ಎಂಬ ಭಾಗದ ಆರ್‌ಎಂಡಿರ್ ಖಾಲಿಯಿದ್ದರೆ ಮಾತ್ರ ಅಳಿಸುತ್ತದೆ. 'ಷಟಿಲ್' ಎಂಬ ಭಾಗದ ಆರ್‌ಎಂಟ್ರೀ ಎಲ್ಲವನ್ನೂ ಅಳಿಸುತ್ತದೆ, ಕಸದ ಬುಟ್ಟಿಗೂ ಕಳಿಸುವುದಿಲ್ಲ. ಡೈರೆಕ್ಟರಿ ಖಾಲಿಯೇ ಇರಬೇಕು ಎಂಬ ಕಡೆ ಮೊದಲನೆಯದನ್ನೇ ಬಳಸಬೇಕು. ಲೆಕ್ಕಾಚಾರ ತಪ್ಪಿದ್ದರೆ ದೋಷದ ಸಂದೇಶ ಬರುತ್ತದೆ, ಕಡತಗಳು ಉಳಿಯುತ್ತವೆ. ಎರಡನೆಯದನ್ನು ಬಳಸಿದ್ದರೆ ಸಂದೇಶವೂ ಇಲ್ಲ, ಕಡತಗಳೂ ಇಲ್ಲ.

ಮನೆಗಳಲ್ಲಿಯೂ ಇದನ್ನು ಪಾಲಿಸಬಹುದು. ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಜಾಗ ಸಾಲದೆಂದು ಫೋಲ್ಡರನ್ನು ಇಡಿಯಾಗಿ ಅಳಿಸುವ ಮೊದಲು ಅದನ್ನೊಮ್ಮೆ ತೆರೆದು, ಬೇಕಾದ್ದನ್ನು ಬೇರೆಡೆಗೆ ಸಾಗಿಸಿ, ಖಾಲಿಯಾದ ಮೇಲೆ ಅಳಿಸುವುದು ಕ್ಷೇಮ. ಅಜ್ಜಿಯ ಫೋಟೊ, ಮಗಳ ಪ್ರಾಜೆಕ್ಟ್ ವರದಿ, ಅಂಕಪಟ್ಟಿಯ ಪ್ರತಿ ಇವೆಲ್ಲ ಎಲ್ಲೆಲ್ಲೋ ಸೇರಿಕೊಂಡಿರುತ್ತವೆ. ಮುಖ್ಯವಾದವುಗಳ ಇನ್ನೊಂದು ಪ್ರತಿ ಇನ್ನೊಂದು ಕಡೆ ಇರಲಿ. ಅದು ತೆರೆಯುತ್ತದೆಯೇ ಎಂದು ಆಗಾಗ ನೋಡುವುದೂ ಇರಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು. 'ಖಾಲಿಯಿಲ್ಲ' ಎಂದು ಯಂತ್ರ ಹಟ ಹಿಡಿದಾಗ ಸಿಡಿಮಿಡಿಗೊಳ್ಳುವ ಬದಲು, ಒಳಗೆ ಏನಿದೆ ಎಂದು ಒಮ್ಮೆ ಇಣುಕಿ ನೋಡುವುದು ಒಳ್ಳೆಯ ಅಭ್ಯಾಸ.

ಉತ್ತರ: 5. ಸ್ವಂತ ಹೆಸರು ಮತ್ತು ಒಂಟಿ ಚುಕ್ಕೆಯಿಂದ ಎರಡು, ಮೂರು ಉಪ ಡೈರೆಕ್ಟರಿಗಳ ಜೋಡಿ ಚುಕ್ಕೆಗಳಿಂದ ಮೂರು. ಹತ್ತು ಕಡತಗಳು ಹೆತ್ತವರನ್ನು ತೋರಿಸುವ ಹೆಸರು ಇಟ್ಟುಕೊಳ್ಳದ ಕಾರಣ ಈ ಎಣಿಕೆಗೆ ಸೇರುವುದಿಲ್ಲ.